ಗಾಳಿಯಲ್ಲಿ ತೇವ ಜಾಸ್ತಿ ಇದ್ರೆ ವಿಮಾನದ ಇಂಜಿನ್ ಪವರ್ ಕಮ್ಮಿ ಆಗುತ್ತಾ?

ಆಗುತ್ತೆ, ಆದ್ರೆ ಎಷ್ಟು ಅನ್ನೋದು ಯಾವ ಇಂಜಿನ್ ಅನ್ನೋದರ ಮೇಲಿದೆ. ತುಂಬಾ ಜನ ತೇವದ ಗಾಳಿ ಭಾರ ಅನ್ಕೋತಾರೆ, ಉಲ್ಟಾ, ನೀರಿನ ಆವಿಯ ಅಣುತೂಕ 18, ಒಣ ಗಾಳೀದು ಸುಮಾರು 29, ಹಾಗಾಗಿ ಆವಿ ಸೇರಿದಷ್ಟೂ ಗಾಳಿ ಹಗುರ ಆಗುತ್ತೆ, ಜೊತೆಗೆ ಆಕ್ಸಿಜನ್ ಜಾಗಾನೂ ಅದೇ ತಿನ್ನುತ್ತೆ. ಮೇ ತಿಂಗಳ ಮಂಗಳೂರಲ್ಲಿ ಡ್ಯೂ ಪಾಯಿಂಟ್ (ಗಾಳಿ ಎಷ್ಟು ತಣ್ಣಗಾದ್ರೆ ಆವಿ ನೀರಾಗೋಕೆ ಶುರು ಆಗುತ್ತೋ ಆ ಉಷ್ಣತೆ) 25 ಡಿಗ್ರಿ ಇದ್ರೆ ಗಾಳೀಲಿ ಸುಮಾರು 3% ಬರೀ ಆವಿನೇ. ಜೆಟ್‌ಗೆ ಇದರಿಂದ ಅಂಥಾ ನಷ್ಟ ಏನಿಲ್ಲ, ಅದಕ್ಕೆ ಸೆಖೆಯೇ ದೊಡ್ಡ ತಲೆನೋವು. ಪಿಸ್ಟನ್ ಇಂಜಿನ್‌ಗೆ ಏಟು ಜಾಸ್ತಿ, ಯಾಕಂದ್ರೆ ಆಕ್ಸಿಜನ್ ಕಮ್ಮಿ ಆದ್ರೂ ಫ್ಯುಯೆಲ್ ಅಷ್ಟೇ ಬರ್ತಿರುತ್ತೆ, ಮಿಕ್ಸ್ಚರ್ ರಿಚ್ ಆಗುತ್ತೆ, ಅಂದ್ರೆ ಆಕ್ಸಿಜನ್‌ಗೆ ಹೋಲಿಸಿದ್ರೆ ಫ್ಯುಯೆಲ್ ಜಾಸ್ತಿ ಆಗುತ್ತೆ.

ನನ್ನ ಪ್ರಕಾರ ನಿಜವಾದ ಡೇಂಜರ್ ಕಾರ್ಬ್ಯುರೇಟರ್ ಐಸ್, ಅಂದ್ರೆ ಪಿಸ್ಟನ್ ಇಂಜಿನ್‌ಗೆ ಗಾಳಿ, ಫ್ಯುಯೆಲ್ ಬೆರೆಸಿ ಕೊಡೋ ಕಾರ್ಬ್ಯುರೇಟರ್ ಒಳಗೆ ಕಟ್ಟೋ ಐಸ್. ಸೆಸ್ನಾ 152 ತರದ ಚಿಕ್ಕ ಟ್ರೈನಿಂಗ್ ವಿಮಾನಗಳಲ್ಲಿ ಫ್ಯುಯೆಲ್ ಆವಿ ಆಗ್ತಾ ಕಾರ್ಬ್ಯುರೇಟರ್ ಒಳಗಿನ ಗಾಳಿ 20 ಡಿಗ್ರಿಗಿಂತ ಜಾಸ್ತಿ ತಣ್ಣಗಾಗಬಹುದು, ಅಂದ್ರೆ ಹೊರಗೆ 20 ಡಿಗ್ರಿ ಹಿತವಾಗಿದ್ದು ಡ್ಯೂ ಪಾಯಿಂಟ್ 18 ಇದ್ರೂ ಒಳಗೆ ಐಸ್ ಕಟ್ಟಬಹುದು. ಆರ್‌ಪಿಎಂ (ಇಂಜಿನ್ ತಿರುಗೋ ವೇಗ) ಸದ್ದಿಲ್ದೆ ಇಳಿಯುತ್ತೆ, ಆಗ ಕಾರ್ಬ್ಯುರೇಟರ್‌ಗೆ ಬಿಸಿ ಗಾಳಿ ಬಿಡೋ ಕಾರ್ಬ್ ಹೀಟ್ ನಾಬ್ ಎಳೆದ್ರೆ ಮೊದಲು ಇನ್ನೂ ಇಳಿದು ಇಂಜಿನ್ ಕೆಮ್ಮೋಕೆ ಶುರು ಮಾಡುತ್ತೆ, ಐಸ್ ಕರಗಿ ನೀರು ಒಳಗೆ ಹೋಗ್ತಿರುತ್ತೆ ಅಷ್ಟೇ, ಹೆದರಿ ನಾಬ್ ವಾಪಸ್ ತಳ್ಳಬಾರದು.