ಫರ್ನೆಸ್‌ನ ಕೆಂಪು ದೀಪ 3 ಸಲ ಮಿಣುಕಿದರೆ

ನಿಮ್ಮ ಪ್ರಶ್ನೆ ಓದಿದೆ. ಕೆನಡಾದ ಬ್ರಾಂಪ್ಟನ್‌ಗೆ ಬಂದು ಎರಡು ತಿಂಗಳು, ಬಾಡಿಗೆ ಮನೆ, ನಿನ್ನೆ ರಾತ್ರಿಯಿಂದ ಮನೆ ಬೆಚ್ಚಗಿಡುವ ಗ್ಯಾಸ್ ಯಂತ್ರ ಫರ್ನೆಸ್ ಆಗಾಗ ಗುರ್ ಅಂತ ಸದ್ದು ಮಾಡಿ ಸುಮ್ಮನಾಗುತ್ತಿದೆ, ಬೇಸ್‌ಮೆಂಟಿಗೆ ಇಳಿದು ನೋಡಿದರೆ ಒಳಗೆ ಕೆಂಪು ದೀಪ 3 ಸಲ ಮಿಣುಕಿ ನಿಲ್ಲುತ್ತದೆ, ಮನೆಯೊಳಗೆ 15 ಡಿಗ್ರಿ, ಓನರ್ ಫೋನ್ ಎತ್ತುತ್ತಿಲ್ಲ. ಕೊನೆಗೆ "ಈ ಊರಲ್ಲಿ ಹೇಗೆ ಬದುಕ್ತೀರಾ ಸಾರ್" ಅಂತ ಬೇರೆ ಕೇಳಿದ್ದೀರಿ. ನಾನು ಪಕ್ಕದ ಮಿಸ್ಸಿಸಾಗಕ್ಕೆ ಬಂದು 16 ವರ್ಷ ಆಯಿತು, ಮೊದಲ ಚಳಿಗಾಲದಲ್ಲಿ ನಾನೂ ಇದನ್ನೇ ಕೇಳಿದ್ದೆ.

ಮೊದಲು ಒಂದು ಮಾತು. ಗ್ಯಾಸ್ ವಾಸನೆ ಬಂದರೆ ಅಥವಾ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿಯ ಅಲಾರಂ ಕೂಗಿದರೆ ಇದನ್ನೆಲ್ಲ ಓದುತ್ತ ಕೂರಬೇಡಿ. ಲೈಟ್ ಸ್ವಿಚ್ ಕೂಡ ಮುಟ್ಟದೆ ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ, ಅಲ್ಲಿಂದ 911ಕ್ಕೆ ಫೋನ್ ಮಾಡಿ. ಹಾಗೆಯೇ ಚಳಿ ಅಂತ ಅಡುಗೆ ಒಲೆ ಹಚ್ಚಿ ಮನೆ ಬೆಚ್ಚಗೆ ಮಾಡುವುದು, ಇದ್ದಿಲಿನ ಬಾರ್ಬೆಕ್ಯೂ ಒಳಗೆ ತರುವುದು ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಊರಿನ ಮನೆ ಥರ ಇಲ್ಲಿ ಹೆಂಚಿನ ಸಂದಿಯಿಂದ ಹೊಗೆ ಆಚೆ ಹೋಗಲ್ಲ.

ವಾಸನೆ ಇಲ್ಲ, ಅಲಾರಂ ಸುಮ್ಮನಿದೆ ಅಂದರೆ ಅರ್ಧ ಚಿಂತೆ ಬಿಡಿ. ಫರ್ನೆಸ್ ಸತ್ತಿಲ್ಲ. ಅದಕ್ಕೆ ಏನೋ ಅನುಮಾನ ಬಂದು ತಾನೇ ನಿಂತಿದೆ. ಯಾವ ಹೆಜ್ಜೆಯಲ್ಲಿ ಅನುಮಾನ ಬಂತು ಅನ್ನುವುದನ್ನು ಆ ದೀಪ ಹೇಳುತ್ತಿದೆ, ಅಷ್ಟೇ. ಯಾವ ಪಾರ್ಟ್ ಕೆಟ್ಟಿದೆ ಅಂತ ಅದು ಹೇಳುವುದಿಲ್ಲ. ಇಷ್ಟು ಗೊತ್ತಿಲ್ಲದೆ ನಾನು ದುಡ್ಡು ಕಳೆದುಕೊಂಡೆ, ಆ ಕಥೆ ಆಮೇಲೆ ಹೇಳುತ್ತೇನೆ.

ಫರ್ನೆಸ್ ಒಂದೇ ಸಲಕ್ಕೆ ಹೊತ್ತಿಕೊಳ್ಳುವುದಿಲ್ಲ. ಮನೆಯ ಬಿಸಿ ಎಷ್ಟಿರಬೇಕು ಅಂತ ಹೊಂದಿಸುವ ಥರ್ಮೋಸ್ಟಾಟ್ ಬಿಸಿ ಬೇಕು ಅಂದ ಕೂಡಲೇ ಮೊದಲು ಇಂಡ್ಯೂಸರ್ ಅನ್ನೋ ಚಿಕ್ಕ ಫ್ಯಾನ್ ತಿರುಗುತ್ತದೆ, ಉರಿದ ಗಾಳಿಯನ್ನು ಹೊರಗೆ ತಳ್ಳುವುದು ಅದರ ಕೆಲಸ. ದಾರಿ ಸರಿಯಾಗಿದೆಯಾ ಅಂತ ನೋಡುವುದು ಪ್ರೆಶರ್ ಸ್ವಿಚ್, ರಬ್ಬರ್ ಟ್ಯೂಬ್ ಸಿಕ್ಕಿಸಿದ ಒಂದು ಗುಂಡು ಡಬ್ಬಿ. ಅದು ಹೂಂ ಅಂದ ಮೇಲೆಯೇ ಬೆಂಕಿ ಹೊತ್ತಿಸುವ ಇಗ್ನೈಟರ್ ಕೆಂಪಗೆ ಕಾಯುತ್ತದೆ, ಆಮೇಲೆ ಗ್ಯಾಸ್ ಬಿಡುತ್ತದೆ, ಬೆಂಕಿ ಹತ್ತಿತಾ ಅಂತ ಫ್ಲೇಮ್ ಸೆನ್ಸರ್ ನೋಡುತ್ತದೆ, ಅರ್ಧ ನಿಮಿಷ ಬಿಟ್ಟು ದೊಡ್ಡ ಬ್ಲೋವರ್ ಶುರುವಾಗಿ ರೂಮಿಗೆ ಬಿಸಿ ಗಾಳಿ ಬರುತ್ತದೆ. ನಡುವೆ ಎಲ್ಲಿ ಉತ್ತರ ಬರದಿದ್ದರೂ ಗ್ಯಾಸ್ ಬಂದ್. ಕೆಲವು ಸಲ ಪ್ರಯತ್ನಿಸಿ ಲಾಕ್ ಆಗುತ್ತದೆ, ಎಷ್ಟೋ ಮಾಡೆಲ್‌ಗಳಲ್ಲಿ ಒಂದು ಗಂಟೆ ಬಿಟ್ಟು ಮತ್ತೆ ಶುರು. ರಾತ್ರಿಯೆಲ್ಲ ನೀವು ಕೇಳಿದ ಸದ್ದು ಅದೇ.

3 ಸಲ ಮಿಣುಕುವುದು ಹಲವು ಕಂಪನಿಗಳಲ್ಲಿ ಪ್ರೆಶರ್ ಸ್ವಿಚ್ ತೆರೆದೇ ಇದೆ, ಅಂದರೆ ಅದು ಹೂಂ ಅಂದಿಲ್ಲ ಅನ್ನುವ ಸೂಚನೆ. ಎಲ್ಲದರಲ್ಲೂ ಹಾಗಲ್ಲ, ಅದಕ್ಕೇ ಫರ್ನೆಸ್ ಬಾಗಿಲಿನ ಒಳಬದಿಯಲ್ಲಿ ಅಂಟಿಸಿದ ಕೋಡ್ ಪಟ್ಟಿ ನೋಡಬೇಕು, ಎಷ್ಟು ಸಲ ಮಿಣುಕಿದರೆ ಏನರ್ಥ ಅಂತ ಅದರಲ್ಲಿರುತ್ತದೆ. ಆದರೆ ಬಾಗಿಲು ತೆಗೆಯುವ ಮೊದಲು ಅದರಲ್ಲಿರುವ ಪುಟ್ಟ ಗಾಜಿನ ಕಿಂಡಿಯಲ್ಲೇ ಎಣಿಸಿ, ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಬಾಗಿಲು ತೆಗೆದ ತಕ್ಷಣ ಕರೆಂಟ್ ಹೋಗುತ್ತದೆ, ಕೆಲವದರಲ್ಲಿ ಕೋಡೂ ಅಳಿಸಿಹೋಗುತ್ತದೆ.

ಈಗ ನಿಮ್ಮ ಮನೆ ವಿಷಯ. ನಿನ್ನೆ ರಾತ್ರಿ ಗಾಳಿ ಸಮೇತ ಹಿಮ ಬಿತ್ತಲ್ವಾ? ಇಲ್ಲಿನ ಹೊಸ ಫರ್ನೆಸ್‌ಗಳಿಗೆ ಚಿಮಣಿ ಇರುವುದಿಲ್ಲ. ಮನೆಯ ಪಕ್ಕದ ಗೋಡೆಯಿಂದ ಪ್ಲಾಸ್ಟಿಕ್ ಪೈಪುಗಳು ಹೊರಗೆ ಚಾಚಿರುತ್ತವೆ, ಸಾಮಾನ್ಯವಾಗಿ ಎರಡು, ಒಂದು ಗಾಳಿ ಒಳಗೆ ಎಳೆಯುವುದಕ್ಕೆ, ಇನ್ನೊಂದು ಹೊರಗೆ ಬಿಡುವುದಕ್ಕೆ. ನೆಲದಿಂದ ಹೆಚ್ಚು ಎತ್ತರ ಇರದಿದ್ದರೆ ಒಂದೇ ರಾತ್ರಿಯಲ್ಲಿ ಹಿಮದೊಳಗೆ ಹೂತುಹೋಗುತ್ತವೆ. ನಮ್ಮ ಮಲೆನಾಡಿನ ಮನೆಯಲ್ಲಿ ಬಚ್ಚಲ ಒಲೆಯ ಹೊಗೆಗೂಡು ಕಟ್ಟಿಕೊಂಡರೆ ಹೊಗೆಯೆಲ್ಲ ವಾಪಸ್ ಬಂದು ಅಜ್ಜಿ ಕೂಗಾಡುತ್ತಿದ್ದರು. ಇಲ್ಲಿ ಕೂಗುವುದಕ್ಕೆ ಅಜ್ಜಿ ಇಲ್ಲ, ಪ್ರೆಶರ್ ಸ್ವಿಚ್ ಇದೆ. ಹಿಮವನ್ನು ಕೈಯಿಂದ ಅಥವಾ ಪೊರಕೆಯಿಂದ ಸರಿಸಿ, ಪೈಪಿನ ಸುತ್ತ ಒಂದೆರಡು ಅಡಿ ಜಾಗ ಮಾಡಿ. ಬಾಯಿಗೆ ಮಂಜುಗಡ್ಡೆ ಕಟ್ಟಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ, ಚಳಿಗೆ ಪ್ಲಾಸ್ಟಿಕ್ ಒಡೆಯುತ್ತದೆ.

ನನ್ನ ಕಥೆ ಇಷ್ಟೇ. ಆ ಮೊದಲ ಚಳಿಗಾಲದಲ್ಲಿ ಇದೇ ಕೋಡ್ ಬಂತು. ರಿಪೇರಿಗೆ ಬಂದವನು ಸ್ವಿಚ್ ಹೋಗಿದೆ ಅಂದ, ಹೊಸದು ಹಾಕಿ 380 ಡಾಲರ್ ತಗೊಂಡು ಹೋದ. ಎರಡನೇ ದಿನಕ್ಕೆ ಮತ್ತೆ ನಿಂತಿತು. ಪಕ್ಕದ ಮನೆಯ ಮುದುಕರು ಪೊರಕೆ ಹಿಡಿದು ಬಂದು ಗೋಡೆ ಪಕ್ಕದ ಹಿಮ ಗುಡಿಸಿದರು, ಹತ್ತು ನಿಮಿಷದಲ್ಲಿ ಮನೆ ಬೆಚ್ಚಗಾಯಿತು. ಪಾಪ ಆ ಸ್ವಿಚ್ ಮೊದಲಿನಿಂದಲೂ ನಿಜವೇ ಹೇಳುತ್ತಿತ್ತು.

ಪೈಪು ತೆರೆದೇ ಇದ್ದರೆ ನೀರಿನ ಕೊಳವೆ ನೋಡಿ. ಈ ಥರದ ಫರ್ನೆಸ್ ಉರಿಯುವಾಗ ನೀರು ಹೊರಬರುತ್ತದೆ, ಚಳಿ ಜಾಸ್ತಿ ಇರುವ ದಿನ ಲೀಟರ್‌ಗಟ್ಟಲೆ. ಆ ಸಣ್ಣ ಕೊಳವೆ ಫರ್ನೆಸ್‌ನಿಂದ ನೆಲದ ಡ್ರೈನ್‌ಗೆ ಹೋಗಿರುತ್ತದೆ. ಅದು ಪೆಟ್ಟಿಗೆಯ ಕೆಳಗೆ ಸಿಕ್ಕಿ ಮಡಚಿಕೊಂಡಿದ್ದರೆ ಅಥವಾ ಪಾಚಿ ಕಟ್ಟಿದ್ದರೆ ನೀರು ಒಳಗೇ ನಿಂತು ಇದೇ ಕೋಡ್ ಬರುತ್ತದೆ. ಮಡಚಿದ್ದರೆ ಬಿಡಿಸಿ.

ಗಾಳಿಯ ಧೂಳು ಹಿಡಿಯುವ ಫಿಲ್ಟರ್ ಕೂಡ ಒಂದು ಸಲ ಎಳೆದು ನೋಡಿ. ಅದು ಮುಚ್ಚಿಹೋದರೆ ಒಳಗೆ ಬಿಸಿ ಜಾಸ್ತಿಯಾಗಿ ಬೇರೆ ಕೋಡ್ ಬರುತ್ತದೆ, ನಿಮ್ಮದು ಅದಲ್ಲ ಅನಿಸುತ್ತದೆ. ಆದರೂ ದಿನಾ ಒಗ್ಗರಣೆ ಹಾಕುವ ನಮ್ಮಂಥವರ ಮನೆಯಲ್ಲಿ ಅದನ್ನು ಬದಲಿಸುವುದಕ್ಕೆ ಡಬ್ಬದ ಮೇಲೆ ಬರೆದ 3 ತಿಂಗಳು ಕಾಯಬಾರದು. ಉಳಿತಾಯ ಅಂತ ಖಾಲಿ ರೂಮುಗಳ ಗಾಳಿಕಿಂಡಿ ಮುಚ್ಚುವುದು, ಬೇಸ್‌ಮೆಂಟಿನ ಗಾಳಿಕಿಂಡಿಗೆ ಅಡ್ಡವಾಗಿ ಅಕ್ಕಿ ಚೀಲ ಇಡುವುದು, ಇದೂ ಅದೇ ತಪ್ಪು. ನಾನೂ ಇಟ್ಟಿದ್ದೆ.

ಇದಕ್ಕಿಂತ ಒಳಗೆ ಕೈ ಹಾಕಬೇಡಿ. ಯೂಟ್ಯೂಬ್ ನೋಡಿ ಸ್ವಿಚ್‌ನ ಎರಡು ವೈರು ಸೇರಿಸಿ ಓಡಿಸುವವರಿದ್ದಾರೆ, ಅದು ಕಾವಲುಗಾರನ ಬಾಯಿ ಕಟ್ಟಿದ ಹಾಗೆ. ನಮ್ಮ ಈ ಒಂಟಾರಿಯೊ ಪ್ರಾಂತ್ಯದಲ್ಲಿ ಗ್ಯಾಸ್ ಕೆಲಸಕ್ಕೆ ಟಿಎಸ್‌ಎಸ್‌ಎ ಅನ್ನೋ ಸುರಕ್ಷತಾ ಸಂಸ್ಥೆಯ ಲೈಸೆನ್ಸ್ ಇರುವವರೇ ಬರಬೇಕು. ಅವರನ್ನು ಕರೆಸುವುದೂ ಹಣ ಕೊಡುವುದೂ ಓನರ್ ಕೆಲಸ, ನಿಮ್ಮದಲ್ಲ. ಫೋನ್ ಎತ್ತದಿದ್ದರೆ ಮೆಸೇಜ್ ಮತ್ತು ಈಮೇಲ್ ಎರಡೂ ಹಾಕಿ, ಥರ್ಮೋಸ್ಟಾಟ್ ಫೋಟೋ ಸಮೇತ. ಆಗಲೂ ಉತ್ತರ ಬರದಿದ್ದರೆ 311ಕ್ಕೆ ಫೋನ್ ಮಾಡಿ ಸಿಟಿಯವರಿಗೆ ಹೇಳಿ, ಮುಜುಗರ ಬೇಡ. ಇನ್ನು ಬಾಗಿಲಿಗೆ ಬಂದು ಹೊಸ ಫರ್ನೆಸ್ ಹಾಕಿಕೊಡುತ್ತೇವೆ ಅನ್ನುವವರನ್ನು ಒಳಗೇ ಬಿಡಬೇಡಿ. ಒಂಟಾರಿಯೊದಲ್ಲಿ 2018ರಿಂದ ಹಾಗೆ ಮನೆ ಬಾಗಿಲಲ್ಲಿ ಅಗ್ರಿಮೆಂಟ್ ಮಾಡಿಸುವುದೇ ಕಾನೂನು ಪ್ರಕಾರ ತಪ್ಪು.

ಅಲ್ಲಿವರೆಗೆ ಕರೆಂಟಿನ ಹೀಟರ್ ತಂದು ಎಲ್ಲರೂ ಒಂದೇ ರೂಮಿನಲ್ಲಿ ಮಲಗಿ. ಒಂದೊಂದು 1500 ವಾಟ್ ಎಳೆಯುತ್ತದೆ, ಒಂದೇ ಲೈನಿಗೆ ಎರಡು ಹಾಕಿದರೆ ಬ್ರೇಕರ್ ಬೀಳುತ್ತದೆ. ಎಕ್ಸ್‌ಟೆನ್ಶನ್ ಬೇಡ, ನೇರ ಗೋಡೆಯ ಪ್ಲಗ್ಗಿಗೆ ಹಾಕಿ. ನಲ್ಲಿಯಲ್ಲಿ ಸಣ್ಣಗೆ ನೀರು ಬಿಟ್ಟಿರಿ, ಇಲ್ಲದಿದ್ದರೆ ಪೈಪು ಹೆಪ್ಪುಗಟ್ಟೀತು.

ಈಗ ಹೋಗಿ ಆ ಗೋಡೆ ನೋಡಿ ಬನ್ನಿ. ಜಾಕೆಟ್ ಹಾಕಿಕೊಳ್ಳಿ, ಕೀ ಜೇಬಿನಲ್ಲಿರಲಿ. ಎರಡು ನಿಮಿಷದ ಕೆಲಸ ತಾನೆ ಅಂತ ನಾನು ಪಂಚೆ ಮೇಲೆ ಸ್ವೆಟರ್ ಹಾಕಿಕೊಂಡು ಹೋಗಿದ್ದೆ, ಹಿಂದೆ ಬಾಗಿಲು ಲಾಕ್ ಆಯಿತು.