ನೇಮಕಾತಿ ಏಜೆನ್ಸಿಯಲ್ಲಿ ಕನ್ಸಲ್ಟೆಂಟ್ ಆಗುವ ಮುನ್ನ

ಪ್ರಶ್ನೆ: ನಾಲ್ಕು ವರ್ಷಗಳಿಂದ ಗ್ರಾಹಕ ಸೇವಾ ವಿಭಾಗವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ನೇಮಕಾತಿ ಏಜೆನ್ಸಿಯೊಂದರಿಂದ ಕನ್ಸಲ್ಟೆಂಟ್ ಹುದ್ದೆಗೆ ಆಫರ್ ಬಂದಿದೆ. ನಿಗದಿತ ಸಂಬಳ ಈಗಿನದಕ್ಕಿಂತ ತುಸು ಕಡಿಮೆ. ಕಮಿಷನ್ ಸೇರಿದರೆ ಹೆಚ್ಚಾಗುತ್ತದೆ ಎನ್ನುತ್ತಾರೆ. ಜನರಿಗೆ ಕೆಲಸ ಕೊಡಿಸುವ ಕೆಲಸ ಎಂಬ ಕಾರಣಕ್ಕೆ ನನಗೆ ಇದು ಇಷ್ಟವಾಗಿದೆ. ಆದರೆ ಇದೇ ವೃತ್ತಿಯಲ್ಲಿದ್ದ ಪರಿಚಿತರೊಬ್ಬರು, ಅದು ಬರೀ ಮಾರಾಟದ ಕೆಲಸ, ಒಂದು ವರ್ಷ ನಿಲ್ಲುವುದೂ ಕಷ್ಟ ಎಂದು ಹೆದರಿಸಿದ್ದಾರೆ. ಅಲ್ಲಿನ ಕೆಲಸ ನಿಜವಾಗಿ ಹೇಗಿರುತ್ತದೆ?

ಉತ್ತರ: ‘ಜನರಿಗೆ ಕೆಲಸ ಕೊಡಿಸುವುದು’ ಎಂಬ ನಿಮ್ಮ ಮಾತಿನಿಂದಲೇ ಆರಂಭಿಸುತ್ತೇನೆ. ಈ ವೃತ್ತಿಗೆ ಬರುವ ಬಹಳಷ್ಟು ಮಂದಿ ಅದೇ ಆಸೆಯಿಂದ ಬರುತ್ತಾರೆ. ಮೊದಲ ಕೆಲವು ವಾರಗಳಲ್ಲಿ ಅವರ ಮನಸ್ಸನ್ನು ಹೆಚ್ಚು ಕಲಕುವುದೂ ಅದೇ. ಏಜೆನ್ಸಿಗೆ ಶುಲ್ಕ ಕೊಡುವುದು ಕೆಲಸ ಕೊಡುವ ಸಂಸ್ಥೆ, ಅಂದರೆ ಕ್ಲೈಂಟ್. ಕೆಲಸ ಹುಡುಕುತ್ತಿರುವ ವ್ಯಕ್ತಿಯಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1997ರಲ್ಲಿ ಅಂಗೀಕರಿಸಿದ 181ನೇ ಒಡಂಬಡಿಕೆಯು, ಕೆಲವು ಅಪವಾದಗಳಿಗೆ ಎಡೆಯಿಟ್ಟು, ಖಾಸಗಿ ಏಜೆನ್ಸಿಗಳು ಕೆಲಸಗಾರರಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಶುಲ್ಕ ಪಡೆಯಬಾರದು ಎನ್ನುತ್ತದೆ. ಆದ್ದರಿಂದ ಕನ್ಸಲ್ಟೆಂಟ್ ಆದವರು ವ್ಯಕ್ತಿಗೆ ತಕ್ಕ ಕೆಲಸವನ್ನು ಹುಡುಕುವುದಿಲ್ಲ, ಕ್ಲೈಂಟ್ ಒಪ್ಪಿಸಿದ ಕೆಲಸಕ್ಕೆ ತಕ್ಕ ವ್ಯಕ್ತಿಯನ್ನು ಹುಡುಕುತ್ತಾರೆ. ಆರು ತಿಂಗಳಿಂದ ಕೆಲಸವಿಲ್ಲದ ಒಳ್ಳೆಯ ಮನುಷ್ಯರೊಬ್ಬರು ಫೋನಿನಲ್ಲಿ ತಮ್ಮ ಕಷ್ಟ ಹೇಳಿಕೊಂಡಾಗ, ಅವರಿಗೆ ಹೊಂದುವ ಹುದ್ದೆ ನಿಮ್ಮ ಕೈಯಲ್ಲಿ ಇಲ್ಲವಾದರೆ, ಸದ್ಯಕ್ಕೆ ನನ್ನಲ್ಲಿ ಏನೂ ಇಲ್ಲ ಎಂದು ಹೇಳಿ ಮುಂದಿನ ಕರೆ ಮಾಡಬೇಕಾಗುತ್ತದೆ. ಇದನ್ನು ದಿನಕ್ಕೆ ಹಲವು ಬಾರಿ ಹೇಳಬೇಕು, ಪ್ರತಿ ಬಾರಿಯೂ ಸೌಜನ್ಯದಿಂದ ಹೇಳಬೇಕು.

ಶುಲ್ಕದ ಲೆಕ್ಕ ತಿಳಿದರೆ ಒತ್ತಡ ಎಲ್ಲಿ ಹುಟ್ಟುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಕಾಯಂ ಹುದ್ದೆಗಳಿಗೆ, ಆಯ್ಕೆಯಾದವರ ಮೊದಲ ವರ್ಷದ ಸಂಬಳದಲ್ಲಿ ಶೇಕಡಾ ಇಷ್ಟು ಎಂದು ಶುಲ್ಕ ನಿಗದಿಯಾಗುವುದು ವಾಡಿಕೆ. ಕ್ಷೇತ್ರ ಮತ್ತು ಹುದ್ದೆಯನ್ನು ನೋಡಿ ದರ ಬಹಳ ಬದಲಾಗುತ್ತದೆಯಾದರೂ ಶೇ 15ರಿಂದ 25ರ ದರ ಹಲವು ಮಾರುಕಟ್ಟೆಗಳಲ್ಲಿ ಕಾಣಸಿಗುತ್ತದೆ. ಅತಿ ಹಿರಿಯ ಹುದ್ದೆಗಳ ಹುಡುಕಾಟದಲ್ಲಿ ಶುಲ್ಕವನ್ನು ಮೂರು ಕಂತುಗಳಲ್ಲಿ, ಮೊದಲನೆಯದನ್ನು ಕೆಲಸ ಆರಂಭಿಸುವಾಗಲೇ, ಪಡೆಯುವ ಪದ್ಧತಿಯಿದೆ. ಹೊಸದಾಗಿ ಸೇರುವವರ ಪಾಲಿಗೆ ಅಂಥ ಹುದ್ದೆಗಳು ಬರುವುದು ಅಪರೂಪ. ಅವರಿಗೆ ಸಿಗುವುದು, ಅಭ್ಯರ್ಥಿ ಕೆಲಸಕ್ಕೆ ಸೇರಿದರೆ ಮಾತ್ರ ಹಣ ಬರುವ ಬಗೆ. ಕ್ಲೈಂಟ್ ಒಂದೇ ಖಾಲಿ ಹುದ್ದೆಯನ್ನು ಐದು ಏಜೆನ್ಸಿಗಳಿಗೆ ಕೊಟ್ಟಿದ್ದರೆ ನಾಲ್ಕು ಏಜೆನ್ಸಿಗಳ ಎರಡು ವಾರದ ದುಡಿಮೆಗೆ ಬಿಡಿಗಾಸೂ ಸಿಗುವುದಿಲ್ಲ. ಕ್ಲೈಂಟ್ ಒಳಗಿನವರೊಬ್ಬರಿಗೆ ಬಡ್ತಿ ಕೊಟ್ಟು ಹುದ್ದೆ ತುಂಬಿಕೊಂಡರೆ ಐದಕ್ಕೂ ಇಲ್ಲ. ಸೇರಿದವರು ನಿಗದಿತ ಅವಧಿಯೊಳಗೆ, ಹೆಚ್ಚಾಗಿ 90 ದಿನಗಳೊಳಗೆ, ಬಿಟ್ಟುಹೋದರೆ ಬೇರೊಬ್ಬರನ್ನು ಉಚಿತವಾಗಿ ಹುಡುಕಿಕೊಡಬೇಕು ಅಥವಾ ಶುಲ್ಕವನ್ನು ಮರಳಿಸಬೇಕು ಎಂಬ ಷರತ್ತು ಕರಾರಿನಲ್ಲಿರುವುದು ಸಾಮಾನ್ಯ. ಗಳಿಸಿದ್ದೇನೆ ಎಂದುಕೊಂಡ ಕಮಿಷನ್ ಮೂರು ತಿಂಗಳೊಳಗೆ ಕೈತಪ್ಪುವುದು ಹೀಗೆ.

ಇನ್ನು ದಿನಚರಿ. ಬೆಳಿಗ್ಗೆ ಹಿಂದಿನ ದಿನದ ಸಂದರ್ಶನಗಳ ಅಭಿಪ್ರಾಯವನ್ನು ಕ್ಲೈಂಟ್‌ನಿಂದ ಕೇಳಿ ಪಡೆಯುವುದು, ಆಯ್ಕೆಯಾಗದವರಿಗೆ ಅದನ್ನು ತಿಳಿಸುವುದು, ಜಾಬ್ ಪೋರ್ಟಲ್‌ಗಳಲ್ಲಿ ಮತ್ತು ಏಜೆನ್ಸಿಯ ದತ್ತಾಂಶದಲ್ಲಿ ಹೊಸಬರನ್ನು ಹುಡುಕುವುದು, ಕರೆ ಮಾಡಿ ಪರೀಕ್ಷಿಸುವುದು, ಒಪ್ಪಿದವರ ರೆಸ್ಯೂಮೆಗೆ ನಾಲ್ಕು ಸಾಲಿನ ಟಿಪ್ಪಣಿ ಬರೆದು ಕಳುಹಿಸುವುದು, ಸಂಜೆ ಆರರ ನಂತರ, ಈಗಿನ ಕಚೇರಿಯಿಂದ ಹೊರಬಂದು ಮಾತನಾಡಲು ಅನುಕೂಲವಿರುವ ಅಭ್ಯರ್ಥಿಗಳಿಗೆ ಮತ್ತೆ ಕರೆ ಮಾಡುವುದು, ಇವು ಪ್ರತಿದಿನವೂ ಇರುತ್ತವೆ. ಕೆಲವು ಏಜೆನ್ಸಿಗಳಲ್ಲಿ ಕ್ಲೈಂಟ್‌ಗಳನ್ನು ಹುಡುಕುವ ಹೊಣೆಯೂ ನಿಮ್ಮದೇ ಆಗಿರುತ್ತದೆ. ಪರಿಚಯವಿಲ್ಲದ ಸಂಸ್ಥೆಗಳಿಗೆ ಕರೆ ಮಾಡಿ, ನಿಮ್ಮಲ್ಲಿ ಹುದ್ದೆಗಳಿವೆಯೇ ಎಂದು ಕೇಳಬೇಕು. ಇದಕ್ಕೆ ವೃತ್ತಿಯವರು ‘360 ಡಿಗ್ರಿ’ ಎನ್ನುತ್ತಾರೆ. ಬೇರೆ ಕಡೆ ಕ್ಲೈಂಟ್‌ಗಳನ್ನು ಒಬ್ಬರು, ಅಭ್ಯರ್ಥಿಗಳನ್ನು ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ನಿಮ್ಮ ಪರಿಚಿತರು ಬರೀ ಮಾರಾಟ ಎಂದಿರುವುದನ್ನು ನೋಡಿದರೆ ಅವರು ಮೊದಲನೆಯ ಬಗೆಯಲ್ಲಿ ಇದ್ದಿರಬಹುದು. ನಿಮ್ಮ ಆಫರ್ ಯಾವ ಬಗೆಯದು ಎಂದು ಮೊದಲು ಕೇಳಿಕೊಳ್ಳಿ, ಏಕೆಂದರೆ ಅವು ಹೆಚ್ಚುಕಡಿಮೆ ಎರಡು ಬೇರೆ ಉದ್ಯೋಗಗಳು.

ಹೊರಗಿನಿಂದ ನೋಡುವವರಿಗೆ ಹುಡುಕಾಟವೇ ಕಷ್ಟದ ಭಾಗ ಎನಿಸುತ್ತದೆ. ನಿಜವಾದ ಕಷ್ಟ ಆಫರ್ ಲೆಟರ್ ಕೈಗೆ ಬಂದ ಮೇಲೆ ಶುರುವಾಗುತ್ತದೆ. ನೋಟಿಸ್ ಪೀರಿಯಡ್ ಎರಡು ಮೂರು ತಿಂಗಳು ಇರುವ ಕಡೆಗಳಲ್ಲಿ, ಆಫರ್ ಒಪ್ಪಿದ ಅಭ್ಯರ್ಥಿಗೆ ಅಷ್ಟೂ ದಿನ ಬೇರೆ ಕರೆಗಳು ಬರುತ್ತಲೇ ಇರುತ್ತವೆ. ರಾಜೀನಾಮೆ ಕೊಟ್ಟ ದಿನವೇ ಹಳೆಯ ಮೇಲಧಿಕಾರಿ ಸಂಬಳ ಹೆಚ್ಚಿಸುವ ಮಾತಾಡುತ್ತಾರೆ. ಮನೆಯಲ್ಲಿ ಆವರೆಗೆ ಸುಮ್ಮನಿದ್ದವರು ಆಗ ಮಾತು ತೆಗೆಯುತ್ತಾರೆ. ಸೇರುವ ದಿನ ಬೆಳಿಗ್ಗೆ ಅಭ್ಯರ್ಥಿಯ ಫೋನ್ ಸ್ವಿಚ್ ಆಫ್ ಆಗಿರುವುದನ್ನು ಈ ಕೆಲಸದಲ್ಲಿರುವವರೆಲ್ಲ ಒಮ್ಮೆಯಾದರೂ ಕಂಡಿರುತ್ತಾರೆ. ಬೇರೆ ವ್ಯಾಪಾರಗಳಲ್ಲಿ ಕೊಳ್ಳುವವರು ಒಪ್ಪಿದರೆ ವ್ಯವಹಾರ ಮುಗಿಯಿತು. ಇಲ್ಲಿ ಎರಡೂ ಕಡೆ ಇರುವುದು ಮನುಷ್ಯರು, ಎರಡೂ ಕಡೆಯವರಿಗೆ ಕೊನೆಯ ಗಳಿಗೆಯವರೆಗೂ ಮನಸ್ಸು ಬದಲಿಸುವ ಹಕ್ಕಿದೆ. ಆ ಹಕ್ಕನ್ನು ಒಪ್ಪಿಕೊಳ್ಳದ ಕನ್ಸಲ್ಟೆಂಟ್ ಬಹುಬೇಗ ಕಹಿಯಾಗುತ್ತಾರೆ.

ಈ ವೃತ್ತಿಯ ಮೂರನೆಯ ವರ್ಷದಲ್ಲಿ ನಾನೂ ಅದನ್ನು ಒಪ್ಪಿಕೊಂಡಿರಲಿಲ್ಲ. ಒಬ್ಬ ಎಂಜಿನಿಯರ್‌ಗೆ ದೂರದ ನಗರದಲ್ಲಿ ಆಫರ್ ಕೊಡಿಸಿದ್ದೆ. ‘ಮನೆಯಲ್ಲಿ ಇನ್ನೊಮ್ಮೆ ಮಾತಾಡಬೇಕು’ ಎಂದು ಆತ ಎರಡು ಸಲ ಹೇಳಿದರು. ತ್ರೈಮಾಸಿಕದ ಟಾರ್ಗೆಟ್‌ಗೆ ನನಗೆ ಒಂದೇ ಒಂದು ನೇಮಕಾತಿ ಕಡಿಮೆಯಿತ್ತು. ಹಾಗಾಗಿ ಆ ಮಾತನ್ನು ನಾನು ಸಂಬಳದ ಚೌಕಾಸಿ ಎಂದು ಕೇಳಿಸಿಕೊಂಡೆ. ಕ್ಲೈಂಟ್‌ನಿಂದ ಇನ್ನಷ್ಟು ಹಣ ಒಪ್ಪಿಸಿ, ಎರಡು ದಿನದೊಳಗೆ ಉತ್ತರ ಕೊಡಬೇಕೆಂದು ಒತ್ತಾಯಿಸಿದೆ. ಆತ ಸೇರಿದರು, ಆರನೆಯ ವಾರದಲ್ಲಿ ಬಿಟ್ಟರು. ವಯಸ್ಸಾದ ತಂದೆಯನ್ನು ನೋಡಿಕೊಳ್ಳಲು ಊರಿನಲ್ಲಿ ಬೇರೆ ಯಾರೂ ಇರಲಿಲ್ಲ ಎಂಬುದು ನನಗೆ ತಿಳಿದದ್ದು ಆಗ. ಏಜೆನ್ಸಿ ಶುಲ್ಕ ಮರಳಿಸಿತು, ನನ್ನ ಕಮಿಷನ್ ಹೋಯಿತು. ಆತನ ಹಳೆಯ ಹುದ್ದೆಯೂ ಅಷ್ಟರಲ್ಲಿ ಬೇರೆಯವರಿಗೆ ಹೋಗಿತ್ತು. ಅಂದಿನಿಂದ ಮೊದಲ ಕರೆಯಲ್ಲೇ, ಈ ನಿರ್ಧಾರದಲ್ಲಿ ನಿಮ್ಮೊಂದಿಗೆ ಮನೆಯಲ್ಲಿ ಇನ್ನು ಯಾರು ಯಾರು ಸೇರಿದ್ದಾರೆ ಎಂದು ಕೇಳುತ್ತೇನೆ. ಉತ್ತರ ಕೇಳಿದ ಮೇಲೆ, ಈ ಕೆಲಸ ನಿಮಗೆ ಬೇಡ ಎಂದು ನಾನೇ ಹೇಳಿದ್ದೂ ಉಂಟು. ಹಾಗೆ ಹೇಳಿಸಿಕೊಂಡವರಲ್ಲಿ ಕೆಲವರು ವರ್ಷಗಳ ನಂತರ ತಾವೇ ಹೈರಿಂಗ್ ಮ್ಯಾನೇಜರ್ ಆಗಿ ನನಗೆ ಕರೆ ಮಾಡಿ ಹುದ್ದೆಗಳನ್ನು ಕೊಟ್ಟಿದ್ದಾರೆ.

ಟಾರ್ಗೆಟ್ ವಿಚಾರದಲ್ಲಿ ನಿಮ್ಮ ಪರಿಚಿತರ ಮಾತು ಸರಿ. ವಾರಕ್ಕೆ ಎಷ್ಟು ಕರೆ, ಎಷ್ಟು ರೆಸ್ಯೂಮೆ, ಎಷ್ಟು ಸಂದರ್ಶನ, ತಿಂಗಳಿಗೆ ಎಷ್ಟು ಜಾಯಿನಿಂಗ್ ಎಂಬ ಲೆಕ್ಕ ಎಲ್ಲರಿಗೂ ಕಾಣುವಂತೆ ಇರುತ್ತದೆ. ಹೊಸಬರಿಗೆ ಈ ಲೆಕ್ಕ ಒಂದು ಮಟ್ಟಿಗೆ ಸಹಾಯವನ್ನೇ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಫಲಿತಾಂಶ ಕೈಯಲ್ಲಿಲ್ಲದ ಕೆಲಸದಲ್ಲಿ ಪ್ರಯತ್ನವನ್ನಾದರೂ ಎಣಿಸಬಹುದು. ಆದರೆ ಎರಡು ವರ್ಷ ಅನುಭವವಿದ್ದು ಒಳ್ಳೆಯ ಫಲಿತಾಂಶ ಕೊಡುತ್ತಿರುವವರ ಕರೆಗಳನ್ನೂ ಎಣಿಸುತ್ತಾ ಕೂರುವ ಏಜೆನ್ಸಿಯಲ್ಲಿ ಒಳ್ಳೆಯವರು ನಿಲ್ಲುವುದಿಲ್ಲ.

ಗ್ರಾಹಕ ಸೇವೆಯ ನಾಲ್ಕು ವರ್ಷ ನಿಮ್ಮ ದೊಡ್ಡ ಬಲ. ಸಿಟ್ಟಾದವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದು ಮತ್ತು ಅವರು ಹೇಳದೆ ಬಿಟ್ಟದ್ದನ್ನು ಗುರುತಿಸುವುದು ನಿಮಗೆ ಈಗಾಗಲೇ ರೂಢಿಯಾಗಿರುತ್ತದೆ. ಈ ಕೆಲಸದಲ್ಲಿ ಕಲಿಸಲು ತೀರ ಕಷ್ಟವಾದದ್ದು ಅದೇ. ಮೊದಲ ನೇಮಕಾತಿ ಆಗಿ, ಕ್ಲೈಂಟ್ ಹಣ ಪಾವತಿಸಿ, ಅದರಲ್ಲಿ ನಿಮ್ಮ ಪಾಲು ಕೈಸೇರಲು ಐದಾರು ತಿಂಗಳು ಹಿಡಿದರೆ ಆಶ್ಚರ್ಯವಿಲ್ಲ. ಅಷ್ಟು ದಿನ ನಿಗದಿತ ಸಂಬಳವೊಂದರಲ್ಲೇ ಮನೆ ನಡೆಸಲು ಸಾಧ್ಯವಿದ್ದರೆ ಮಾತ್ರ ಒಪ್ಪಿಕೊಳ್ಳಿ. ಸಹಿ ಹಾಕುವ ಮೊದಲು, ಕಮಿಷನ್ ಯಾವ ಮೊತ್ತ ದಾಟಿದ ಮೇಲೆ ಆರಂಭವಾಗುತ್ತದೆ, ಅಭ್ಯರ್ಥಿ ಬಿಟ್ಟುಹೋದರೆ ಕೊಟ್ಟ ಕಮಿಷನ್ ಹಿಂದಕ್ಕೆ ಪಡೆಯುತ್ತಾರೆಯೇ, ನಿಮಗೆ ಕೊಡುವ ಕ್ಷೇತ್ರದಲ್ಲಿ ಈಗಾಗಲೇ ಕ್ಲೈಂಟ್‌ಗಳಿದ್ದಾರೆಯೇ ಎಂಬುದನ್ನು ಲಿಖಿತವಾಗಿ ಕೇಳಿ. ಕಳೆದ ವರ್ಷ ಸೇರಿದವರಲ್ಲಿ ಇಂದಿಗೂ ಉಳಿದಿರುವವರು ಎಷ್ಟು ಮಂದಿ ಎಂದೂ ಕೇಳಿ, ಸಾಧ್ಯವಾದರೆ ಅವರಲ್ಲೊಬ್ಬರೊಡನೆ ಮಾತಾಡಿ.

ಪ್ರಶ್ನೆ: ಎಂಟು ತಿಂಗಳಿಂದ ಏಜೆನ್ಸಿಯೊಂದರಲ್ಲಿ ಕನ್ಸಲ್ಟೆಂಟ್ ಆಗಿದ್ದೇನೆ. ಅಭ್ಯರ್ಥಿಯನ್ನು ಕೇಳುತ್ತಾ ಕೂತರೆ ತಡವಾಗುತ್ತದೆ, ಪೋರ್ಟಲ್‌ನಲ್ಲಿ ಸಿಕ್ಕ ರೆಸ್ಯೂಮೆಯನ್ನು ಮೊದಲು ಕಳುಹಿಸಿಬಿಡು, ಕ್ಲೈಂಟ್ ಇಷ್ಟಪಟ್ಟರೆ ಆಮೇಲೆ ಕರೆ ಮಾಡು ಎಂದು ನನ್ನ ಮ್ಯಾನೇಜರ್ ಹೇಳುತ್ತಾರೆ. ಇದು ಎಲ್ಲ ಕಡೆಯೂ ನಡೆಯುತ್ತದೆಯೇ? ನಾನು ಏನು ಮಾಡಲಿ?

ಉತ್ತರ: ಹಲವು ಕಡೆ ನಡೆಯುತ್ತದೆ, ಆದರೂ ಅದು ತಪ್ಪು. ನೀವು ಕೇಳದೆ ಕಳುಹಿಸಿದ ರೆಸ್ಯೂಮೆ ಆ ವ್ಯಕ್ತಿ ಈಗ ಕೆಲಸ ಮಾಡುತ್ತಿರುವ ಸಂಸ್ಥೆಯ ಸೋದರ ಸಂಸ್ಥೆಗೇ ಹೋಗಬಹುದು, ಅವರ ಮೇಲಧಿಕಾರಿಯ ಸ್ನೇಹಿತರ ಮೇಜಿಗೆ ಹೋಗಬಹುದು. ಕೆಲಸ ಬದಲಿಸುವ ಯೋಚನೆಯನ್ನು ಗುಟ್ಟಾಗಿಟ್ಟಿದ್ದವರ ಅನ್ನಕ್ಕೇ ಅದು ಸಂಚಕಾರ ತರುತ್ತದೆ. 2018ರ ಮೇ 25ರಿಂದ ಜಾರಿಯಲ್ಲಿರುವ ಯುರೋಪಿಯನ್ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮದಂತಹ ಕಾನೂನುಗಳಿರುವ ಕಡೆ, ಒಬ್ಬರ ವೈಯಕ್ತಿಕ ಮಾಹಿತಿಯನ್ನು ಅವರಿಗೆ ತಿಳಿಸದೆ ಹೀಗೆ ಹಂಚಿದರೆ ಏಜೆನ್ಸಿ ಉತ್ತರ ಹೇಳಬೇಕಾಗುತ್ತದೆ. ವ್ಯವಹಾರದ ದೃಷ್ಟಿಯಿಂದಲೂ ಇದರಲ್ಲಿ ಲಾಭವಿಲ್ಲ. ಅದೇ ಅಭ್ಯರ್ಥಿ ಬೇರೊಂದು ಏಜೆನ್ಸಿಗೆ ಒಪ್ಪಿಗೆ ಕೊಟ್ಟಿದ್ದರೆ ಕ್ಲೈಂಟ್ ಬಳಿ ಒಂದೇ ಹೆಸರು ಎರಡು ಕಡೆಯಿಂದ ಬರುತ್ತದೆ. ಶುಲ್ಕದ ಜಗಳ ಬೇಡವೆಂದು ಆ ಹೆಸರನ್ನೇ ಬದಿಗಿಡುವ ಕ್ಲೈಂಟ್‌ಗಳಿದ್ದಾರೆ. ಏನೂ ತಿಳಿಯದ ಅಭ್ಯರ್ಥಿ ಆಗ ನಿಮ್ಮ ಅವಸರದಿಂದ ಕೆಲಸ ಕಳೆದುಕೊಳ್ಳುತ್ತಾರೆ.

ಮ್ಯಾನೇಜರ್ ಅವರ ಎದುರು ವಾದಕ್ಕೆ ನಿಲ್ಲುವ ಮೊದಲು ತಡ ಎಂಬ ಅವರ ಕಾರಣವನ್ನು ಇಲ್ಲವಾಗಿಸಿ ನೋಡಿ. ಹುದ್ದೆ, ಸಂಸ್ಥೆಯ ಹೆಸರು, ಕೆಲಸದ ಸ್ಥಳ ಮತ್ತು ಸಂಬಳದ ಮಿತಿಯನ್ನು ಮೂರು ಸಾಲಿನಲ್ಲಿ ಬರೆದು, ‘ನಿಮ್ಮ ರೆಸ್ಯೂಮೆಯನ್ನು ಇಲ್ಲಿಗೆ ಕಳುಹಿಸಲು ಒಪ್ಪಿಗೆಯೇ? ಬೇರೆ ಯಾರಾದರೂ ಈಗಾಗಲೇ ಕಳುಹಿಸಿದ್ದಾರೆಯೇ?’ ಎಂದು ಮುಗಿಸುವ ಸಂದೇಶವೊಂದನ್ನು ಸಿದ್ಧವಾಗಿಟ್ಟುಕೊಳ್ಳಿ. ಆಸಕ್ತಿಯುಳ್ಳವರು ಸಾಮಾನ್ಯವಾಗಿ ಅದೇ ದಿನ ಉತ್ತರಿಸುತ್ತಾರೆ. ಉತ್ತರಿಸದವರು ಸಂದರ್ಶನಕ್ಕೂ ಬರುವವರಲ್ಲ ಎಂದು ತಿಳಿಯಬಹುದು. ಬಂದ ಉತ್ತರಗಳನ್ನು ದಿನಾಂಕದೊಂದಿಗೆ ಉಳಿಸಿಕೊಳ್ಳಿ. ಎರಡು ಏಜೆನ್ಸಿಗಳ ನಡುವೆ ಅಭ್ಯರ್ಥಿ ಯಾರ ಕಡೆಯವರು ಎಂಬ ವಿವಾದ ಎದ್ದಾಗ ನಿಮ್ಮ ಶುಲ್ಕವನ್ನು ಉಳಿಸುವುದು ಆ ಲಿಖಿತ ಒಪ್ಪಿಗೆಯೇ, ಮ್ಯಾನೇಜರ್ ಅವರಿಗೆ ಮನವರಿಕೆಯಾಗಬೇಕಾದ ಲೆಕ್ಕವೂ ಅದೇ. ಇಷ್ಟಾದ ಮೇಲೂ ಅವರು ಒತ್ತಾಯಿಸಿದರೆ ಎಂಟು ತಿಂಗಳ ಅನುಭವದೊಂದಿಗೆ ಬೇರೆ ಏಜೆನ್ಸಿ ನೋಡಿಕೊಳ್ಳಿ. ಆದರೆ ಹೊರಡುವ ಮೊದಲು ನಿಮ್ಮ ನೇಮಕಾತಿ ಪತ್ರವನ್ನು ಓದಿ, ಇಲ್ಲಿನ ಕ್ಲೈಂಟ್‌ಗಳೊಡನೆ ಇಷ್ಟು ತಿಂಗಳು ವ್ಯವಹರಿಸಬಾರದು ಎಂಬ ಷರತ್ತು ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಅಭ್ಯರ್ಥಿಗಳ ಪಟ್ಟಿಯನ್ನು ಮಾತ್ರ ಯಾವ ಕಾರಣಕ್ಕೂ ಜೊತೆಗೆ ಒಯ್ಯಬೇಡಿ, ಅವರು ತಮ್ಮ ಮಾಹಿತಿಯನ್ನು ಕೊಟ್ಟಿದ್ದು ಆ ಏಜೆನ್ಸಿಗೆ.