ಇಂಗ್ಲಿಷ್ ಮಾತಾಡುವಾಗ ಟು, ಫಾರ್, ಮಿ, ಕ್ಯಾನ್, ಕುಡ್ ಎಲ್ಲಾ ಕಲಸಿಹೋಗುತ್ತೆ, ಏನು ಮಾಡಲಿ?

ಕನ್ನಡ ಮೀಡಿಯಂನಲ್ಲಿ ಓದಿದ್ದೀರಿ, ಈಗ ನರಸಾಪುರದ ಕಡೆ ಫ್ಯಾಕ್ಟರಿಯಲ್ಲಿ ಕೆಲಸ. ಪ್ರಿಪೊಸಿಷನ್ (ಟು, ಫಾರ್, ಅಟ್ ಥರದ್ದು), ಪ್ರೊನೌನ್ (ಐ, ಮಿ, ಯೂ ಥರದ್ದು), ಮೋಡಲ್ ವರ್ಬ್ (ಕ್ಯಾನ್, ಕುಡ್ ಥರದ್ದು) ಮೂರೂ ಪಾಠ ಓದಿದರೆ ಅರ್ಥವಾಗುತ್ತೆ, ಸೂಪರ್‌ವೈಸರ್ ಎದುರು ಬಾಯಿ ತೆಗೆದರೆ ಕಲಸಿಹೋಗುತ್ತೆ ಅಂತ ಬರೆದಿದ್ದೀರಿ. ನಾನು ಕೋಲಾರದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಶಿಫ್ಟ್ ಮುಗಿಸಿ ಬರುವವರೇ ಜಾಸ್ತಿ. ಅವರೂ ಇದನ್ನೇ ಕೇಳುತ್ತಾರೆ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಪುಸ್ತಕದಲ್ಲಿ ಮೂರೂ ಬೇರೆ ಬೇರೆ ಪಾಠ. ಮಾತಿನಲ್ಲಿ ಮೂರೂ ಒಟ್ಟಿಗೇ ಬರುತ್ತವೆ. ಈ ವಾಕ್ಯ ನೋಡಿ: ‘ಕುಡ್ ಯೂ ಪಿಕ್ ಮಿ ಅಪ್ ಅಟ್ ದ ಬಸ್ ಸ್ಟ್ಯಾಂಡ್?’ ‘ಕುಡ್’ ಮೋಡಲ್. ‘ಯೂ’, ‘ಮಿ’ ಪ್ರೊನೌನ್. ‘ಅಟ್’ ಪ್ರಿಪೊಸಿಷನ್, ‘ಅಪ್’ ಅದರ ಹತ್ತಿರದ ಸಂಬಂಧಿ. ಇದನ್ನೇ ನಾವು ‘ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಹತ್ತಿಸಿಕೊಳ್ತೀರಾ?’ ಅನ್ನುತ್ತೇವೆ. ಅಲ್ಲಿ, ಅನ್ನು, ಈರಾ ಎಲ್ಲವೂ ಪದದ ಕೊನೆಗೆ ಅಂಟಿಕೊಂಡಿವೆ. ನಾವು ಬಿಡಿಬಿಡಿಯಾಗಿ ಯೋಚಿಸಬೇಕಾಗಿಯೇ ಇಲ್ಲ. ಇಂಗ್ಲಿಷ್‌ನಲ್ಲಿ ಅವೆಲ್ಲ ಬಿಡಿ ಪದಗಳು, ಒಂದೊಂದಕ್ಕೂ ಒಂದು ಜಾಗ ಇದೆ. ನಿಮಗೆ ಪದ ಗೊತ್ತು, ಜಾಗ ಅಭ್ಯಾಸವಾಗಿಲ್ಲ, ಅಷ್ಟೇ.

ಜಾಗದ ವಿಷಯದಲ್ಲಿ ಕೆಲವು ಸಣ್ಣ ನಿಯಮಗಳನ್ನು ಬೇಗ ಹೇಳಿಬಿಡುತ್ತೇನೆ. ಮೋಡಲ್ ಆದ ಮೇಲೆ ಬರಿಯ ಕ್ರಿಯಾಪದ: ‘ಶಿ ಕ್ಯಾನ್ ಗೋ’. ನಡುವೆ ‘ಟು’ ಬೇಡ, ಕೊನೆಗೆ ‘ಎಸ್’ ಬೇಡ. ಪ್ರಿಪೊಸಿಷನ್ ಆದ ಮೇಲೆ ಕ್ರಿಯಾಪದ ಬಂದರೆ ‘ಇಂಗ್’ ಬೇಕು: ‘ಬಿಫೋರ್ ಗೋಯಿಂಗ್’. ಪ್ರೊನೌನ್ ಬಂದರೆ ಮಿ, ಹಿಮ್, ಹರ್, ಅಸ್, ದೆಮ್. ಹಾಗಾಗಿ ‘ಬಿಟ್ವೀನ್ ಯೂ ಆ್ಯಂಡ್ ಮಿ’. ಪ್ರಶ್ನೆ ಕೇಳುವಾಗ ಮೋಡಲ್ ಮುಂದೆ, ಪ್ರೊನೌನ್ ಹಿಂದೆ: ‘ಶಲ್ ವಿ ಸ್ಟಾರ್ಟ್?’

‘ಸ್ವಿಚ್ ಆಫ್’ ಥರದ ಜೋಡಿ ಪದಗಳ ಹತ್ತಿರ ಮಾತ್ರ ಸ್ವಲ್ಪ ನಿಲ್ಲಬೇಕು. ‘ಸ್ವಿಚ್ ಆಫ್ ದ ಮೆಷಿನ್’ ಅನ್ನಬಹುದು, ‘ಸ್ವಿಚ್ ದ ಮೆಷಿನ್ ಆಫ್’ ಅಂತಲೂ ಅನ್ನಬಹುದು. ಮೆಷಿನ್ ಜಾಗದಲ್ಲಿ ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಸ್ವಿಚ್ ಇಟ್ ಆಫ್’. ‘ಪಿಕ್ ಮಿ ಅಪ್’ ಕೂಡ ಹಾಗೇ. ಆದರೆ ‘ವೇಟ್ ಫಾರ್ ಮಿ’, ‘ಲುಕ್ ಆಫ್ಟರ್ ಇಟ್’ ಅನ್ನುವಾಗ ಪ್ರೊನೌನ್ ಕೊನೆಗೇ. ನೋಡಿದ ತಕ್ಷಣ ಇದು ಯಾವ ಜಾತಿ ಅಂತ ಗೊತ್ತಾಗಲ್ಲ. ಅದಕ್ಕೆ ಹೊಸ ಜೋಡಿ ಸಿಕ್ಕಾಗಲೆಲ್ಲ ‘ಇಟ್’ ಸೇರಿಸಿಯೇ ಬರೆದುಕೊಳ್ಳಿ. ‘ಫಿಲ್ ಇಟ್ ಇನ್’, ‘ಆಸ್ಕ್ ಫಾರ್ ಇಟ್’. ಬಾಯಿಗೆ ಹಾಗೇ ಹತ್ತುತ್ತೆ.

ಇನ್ನು ‘ಗೆ’. ನಮ್ಮ ಕಡೆಯವರನ್ನು ಜಾಸ್ತಿ ಕಾಡುವುದು ಇದೇ. ಅವನಿಗೆ ಹೇಳಿದೆ, ಅವನಿಗೆ ಫೋನ್ ಮಾಡಿದೆ, ಅವನಿಗೆ ಸಹಾಯ ಮಾಡಿದೆ, ಎಲ್ಲಕ್ಕೂ ‘ಗೆ’. ‘ಗೆ’ ಅಂದರೆ ‘ಟು’ ಅಂತ ಕಲಿತುಬಿಟ್ಟಿರುತ್ತೇವೆ. ಆದರೆ ‘ಐ ಟೋಲ್ಡ್ ಹಿಮ್’, ‘ಐ ಕಾಲ್ಡ್ ಹಿಮ್’, ‘ಐ ಹೆಲ್ಪ್ಡ್ ಹಿಮ್’, ಒಂದರಲ್ಲೂ ‘ಟು’ ಇಲ್ಲ. ‘ಸೇ’, ‘ಎಕ್ಸ್‌ಪ್ಲೇನ್’ ಬಂದರೆ ‘ಟು’ ಬೇಕೇ ಬೇಕು: ‘ಎಕ್ಸ್‌ಪ್ಲೇನ್ ಇಟ್ ಟು ಮಿ’.

ಅದಕ್ಕಿಂತ ದೊಡ್ಡ ತೊಡಕು ‘ನನಗೆ’. ನನಗೆ ಲೀವ್ ಬೇಕು. ನನಗೆ ವೆಲ್ಡಿಂಗ್ ಬರುತ್ತೆ. ನನಗೆ ಗೊತ್ತು. ಕೋಲಾರದಲ್ಲಿ ಮನೆಯಲ್ಲಿ ತೆಲುಗು ಆಡುವವರೂ ‘ನಾಕು ಕಾವಾಲಿ’ ಅನ್ನುತ್ತಾರೆ. ದಖನಿ ಉರ್ದು ಆಡುವವರು ‘ಮೇರೇಕು ಹೋನಾ’ ಅನ್ನುತ್ತಾರೆ. ಯಾವ ಮನೆಗೆ ಹೋದರೂ ಮಾತು ‘ನನಗೆ’ಯಿಂದಲೇ ಶುರು. ಹಾಗಾಗಿ ಇಂಗ್ಲಿಷ್ ಆಡುವಾಗಲೂ ‘ಫಾರ್ ಮಿ’ ಅಂತ ಬಾಯಿಗೆ ಬರುತ್ತೆ, ಮುಂದೆ ವಾಕ್ಯ ಹೋಗಲ್ಲ. ಈ ಜಾಗದಲ್ಲೆಲ್ಲ ಇಂಗ್ಲಿಷ್‌ಗೆ ಬೇಕಾದ್ದು ‘ಐ’. ‘ಐ ನೀಡ್ ಲೀವ್’, ‘ಐ ಕ್ಯಾನ್ ವೆಲ್ಡ್’, ‘ಐ ನೋ’. ‘ನನ್ನ ಕೈಲಿ ಆಗಲ್ಲ’ ಅನ್ನುವುದೂ ‘ಐ ಕಾಂಟ್’. ತಲೆಯಲ್ಲಿ ‘ನನಗೆ’ ಬಂತಾ, ಬಾಯಲ್ಲಿ ‘ಐ’ ಹಾಕಿ ಶುರು ಮಾಡಿ. ಇದೊಂದನ್ನು ರೂಢಿ ಮಾಡಿಕೊಂಡರೆ ಅರ್ಧ ತಡವರಿಕೆ ಹೋಗುತ್ತೆ.

ಈಗ ಮೋಡಲ್ ವಿಷಯ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಗ್ರಾಮರ್ ತಪ್ಪಾದರೆ ಕೇಳುವವರು ಅರ್ಥ ಮಾಡಿಕೊಳ್ಳುತ್ತಾರೆ. ಇದು ತಪ್ಪಿದರೆ ನಿಮ್ಮನ್ನೇ ತಪ್ಪು ತಿಳಿಯುತ್ತಾರೆ.

ನಮಗೆ ನೀನು ಬೇರೆ, ನೀವು ಬೇರೆ. ‘ಕೀ ಕೊಡಿ’ ಅಂದರೆ ಆ ‘ಡಿ’ಯಲ್ಲೇ ಮರ್ಯಾದೆ ಬಂದುಬಿಡುತ್ತೆ. ಇಂಗ್ಲಿಷ್‌ನಲ್ಲಿ ಎಲ್ಲರಿಗೂ ಒಂದೇ ‘ಯೂ’. ಹಿಂದೆ ಅಲ್ಲೂ ಎರಡಿತ್ತು. ಸಲಿಗೆಗೆ ‘ದೌ’, ಮರ್ಯಾದೆಗೆ ‘ಯೂ’. 17ನೇ ಶತಮಾನದ ಹೊತ್ತಿಗೆ ದಿನದ ಮಾತಿನಿಂದ ‘ದೌ’ ಹೆಚ್ಚುಕಡಿಮೆ ಹೊರಟುಹೋಯಿತು. ಈಗ ಮರ್ಯಾದೆ ತೋರಿಸುವ ಕೆಲಸ ಬಹುಪಾಲು ಮೋಡಲ್ ಮೇಲೆ ಬಿದ್ದಿದೆ. ನೀವು ಮನಸ್ಸಿನಲ್ಲಿ ‘ಕೊಡಿ ಸಾರ್’ ಅಂದುಕೊಂಡು ‘ಗಿವ್ ಮಿ ದ ಕೀ’ ಅಂತೀರಿ. ಕೇಳುವವರ ಕಿವಿಗೆ ಅದು ‘ಕೊಡು’ ಅಂತ ಬೀಳುತ್ತೆ. ‘ಪ್ಲೀಸ್’ ಸೇರಿಸಿದರೂ ಅದು ಆಜ್ಞೆಯ ರೂಪವೇ. ‘ಕುಡ್ ಯೂ ಗಿವ್ ಮಿ ದ ಕೀ?’ ಅನ್ನಿ. ನಿಮ್ಮ ‘ಡಿ’ ಇರುವುದು ಆ ‘ಕುಡ್’ನಲ್ಲಿ. ‘ಕ್ಯಾನ್’ನ ಹಿಂದಿನ ಕಾಲ ‘ಕುಡ್’ ಅಂತ ಪುಸ್ತಕದಲ್ಲಿ ಓದಿರುತ್ತೀರಿ. ಇಲ್ಲಿ ಕಾಲದ ಮಾತೇ ಇಲ್ಲ. ಜೊತೆಯವರಿಗೆ ‘ಕ್ಯಾನ್ ಯೂ’ ಸಾಕು. ಮೇಲಿನವರಿಗೆ, ಗುರುತಿಲ್ಲದವರಿಗೆ ‘ಕುಡ್ ಯೂ’. ಇನ್ನೂ ನಯವಾಗಿ ಬೇಕಾದರೆ ‘ವುಡ್ ಯೂ ಮೈಂಡ್ ಗಿವಿಂಗ್ ಮಿ ದ ಕೀ?’ ಇದನ್ನು ನಿಮಗೇ ಯಾರಾದರೂ ಕೇಳಿದರೆ ಒಂದು ಎಚ್ಚರ. ಅದರ ಅರ್ಥ ‘ಕೊಡೋಕೆ ಬೇಜಾರಾ?’ ಅಂತ. ಕೊಡುವುದಾದರೆ ‘ನೋ, ಆಫ್ ಕೋರ್ಸ್ ನಾಟ್’ ಅನ್ನಬೇಕು.

‘ಅವರು’ ಅನ್ನುವುದಕ್ಕೂ ಇದೇ ಕಥೆ. ಮ್ಯಾನೇಜರ್ ಬಗ್ಗೆ ‘ಹಿ’ ಅನ್ನಲು ನಮ್ಮವರಿಗೆ ನಾಲಿಗೆ ಏಳಲ್ಲ. ‘ಅವನು’ ಅಂದಂತೆ ಅನಿಸುತ್ತೆ, ಅದಕ್ಕೆ ‘ದೇ’ ಅಂತಾರೆ. ‘ಹಿ’ಯಲ್ಲಿ ಅಗೌರವ ಏನೂ ಇಲ್ಲ. ‘ಹಿ ವಿಲ್ ಕಾಲ್ ಯೂ’ ಅಂತ ಧೈರ್ಯವಾಗಿ ಹೇಳಿ.

ಇನ್ನೊಂದು ಜೋಡಿ ಫ್ಯಾಕ್ಟರಿಯಲ್ಲಿ ನಿಜವಾಗಿ ತೊಂದರೆ ಕೊಡುತ್ತೆ. ‘ಯೂ ಮಸ್ಟ್ ನಾಟ್ ಕಮ್ ಟುಮಾರೋ’ ಅಂದರೆ ನಾಳೆ ಬರಲೇಬಾರದು. ‘ಯೂ ಡೋಂಟ್ ಹ್ಯಾವ್ ಟು ಕಮ್ ಟುಮಾರೋ’ ಅಂದರೆ ಬರಬೇಕಾಗಿಲ್ಲ, ಬಂದರೂ ಪರವಾಗಿಲ್ಲ. ನೀವು ಹೇಳಲು ಹೊರಟಿದ್ದು ಎರಡನೆಯದಾದರೆ ‘ಮಸ್ಟ್’ ಹತ್ತಿರ ಹೋಗಲೇಬೇಡಿ.

‘ಬಹುದು’ ಕೂಡ ಹಾಗೇ ಒಡೆಯುತ್ತೆ. ‘ನೀವು ಹೋಗಬಹುದು’ ಅಂದರೆ ‘ಯೂ ಕ್ಯಾನ್ ಗೋ’. ‘ನಾಳೆ ಎಪಿಎಂಸಿಯಲ್ಲಿ ಟೊಮ್ಯಾಟೊ ರೇಟ್ ಬೀಳಬಹುದು’ ಅನ್ನುವುದು ಅನುಮತಿ ಅಲ್ಲ, ಅಂದಾಜು. ಅದಕ್ಕೆ ‘ಮೇ’ ಅಥವಾ ‘ಮೈಟ್’.

‘ಅಲ್ಲಿ’ ಬಗ್ಗೆ ಉದ್ದ ಬರೆಯಲ್ಲ. ಕೋಲಾರದಲ್ಲಿ ‘ಇನ್’, ಬಸ್ ಸ್ಟ್ಯಾಂಡಿನಲ್ಲಿ ‘ಅಟ್’, ಬಸ್ಸಿನಲ್ಲಿ ‘ಆನ್’, ಆಟೋದಲ್ಲಿ ‘ಇನ್’. ಇದಕ್ಕೆ ಕಾರಣ ಹುಡುಕುತ್ತಾ ಕೂರಬೇಡಿ, ಜೋಡಿಯಾಗಿಯೇ ಬಾಯಿಪಾಠ ಮಾಡಿ.

ಕೊನೆಗೆ, ಹೊರದೇಶದವರು ಮಾತಾಡಿದರೆ ಈ ಸಣ್ಣ ಪದಗಳು ಕೇಳಿಸುವುದೇ ಇಲ್ಲ ಅಂದಿದ್ದೀರಲ್ಲ. ನಿಮ್ಮ ಕಿವಿಯಲ್ಲಿ ದೋಷ ಏನಿಲ್ಲ. ನಾವು ಪ್ರತಿ ಅಕ್ಷರವನ್ನೂ ತೂಕ ಕೊಟ್ಟು ಆಡುತ್ತೇವೆ. ಅವರು ಮುಖ್ಯ ಪದವನ್ನು ಒತ್ತಿ, ಸಣ್ಣವನ್ನು ನುಂಗುತ್ತಾರೆ. ‘ಗಿವ್ ಇಟ್ ಟು ಹಿಮ್’ ಅನ್ನುವುದು ‘ಗಿವಿಟುಯಿಮ್’ ಆಗುತ್ತೆ. ‘ಶುಡ್ ಹ್ಯಾವ್’ ಅನ್ನುವುದು ‘ಶುಡವ್’ ಆಗುತ್ತೆ. ಅದನ್ನು ಕೇಳಿ ಇಂಗ್ಲಿಷರೇ ಎಷ್ಟೋ ಜನ ‘ಶುಡ್ ಆಫ್’ (should of) ಅಂತ ತಪ್ಪಾಗಿ ಬರೆಯುತ್ತಾರೆ. ‘ಕ್ಯಾನ್’ ನಡುವೆ ಬಂದರೆ ಬರೀ ‘ಕನ್’: ‘ಐ ಕನ್ ಡೂ ಇಟ್’. ‘ಕಾಂಟ್’ ಮಾತ್ರ ಗಟ್ಟಿಯಾಗಿ, ಉದ್ದವಾಗಿ ಬರುತ್ತೆ. ಕೊನೆಯ ‘ಟ್’ ಎಷ್ಟೋ ಸಲ ಕೇಳಿಸಲ್ಲ. ಹಾಗಾಗಿ ‘ಟ್’ಗೆ ಕಾಯಬೇಡಿ. ಆ ಪದ ಮೆತ್ತಗೆ ಜಾರಿಹೋದರೆ ಆಗುತ್ತೆ ಅಂತ, ಒತ್ತಿ ಹೇಳಿದರೆ ಆಗಲ್ಲ ಅಂತ. ಆದರೂ ಅನುಮಾನ ಉಳಿದರೆ ‘ಸೋ ಯೂ ಕಾಂಟ್?’ ಅಂತ ತಿರುಗಿ ಕೇಳಿಬಿಡಿ. ಅವರೂ ಒಬ್ಬರಿಗೊಬ್ಬರು ಹೀಗೆ ಕೇಳುತ್ತಾರೆ.